ಕಿನ್ಶಾಸದ ಸಿಂಫನಿ ಆರ್ಕೆಸ್ಟ್ರಾ ಮತ್ತು ಅದರ ಕಂಡಕ್ಟರ್ ಅರ್ಮಾಂಡ್ ದಿಯಾಂಗಿಯೆಂಡ

ನಮ್ಮ ಕರಾವಳಿಯಲ್ಲಿ 'ಆರ್ಕೆಸ್ಟ್ರಾ' ಎಂದೊಡನೆ ನೆನಪಾಗುವುದು ಹಬ್ಬದ ರಾತ್ರಿಯ ಸಿನಿಮಾ ಹಾಡುಗಳ ಕಾರ್ಯಕ್ರಮ. ಸಿಂಫನಿ ಆರ್ಕೆಸ್ಟ್ರಾ ಅದಲ್ಲ. ವಯೊಲಿನ್, ವಿಯೋಲಾ, ಚೆಲ್ಲೊ, ಡಬಲ್ ಬೇಸ್‌ಗಳಂತಹ ತಂತಿವಾದ್ಯಗಳು, ಕೊಳಲು, ಕ್ಲಾರಿನೆಟ್ ಜಾತಿಯ ಊದುವ ವಾದ್ಯಗಳು, ಟ್ರಂಪೆಟ್, ಟ್ರಾಂಬೋನ್‌ನಂತಹ ಹಿತ್ತಾಳೆ ವಾದ್ಯಗಳು ಹಾಗೂ ತಾಳವಾದ್ಯಗಳು ಹೀಗೆ ನಾಲ್ಕು ವಿಭಾಗಗಳ ಹಲವು ಹತ್ತು ಮಂದಿ ಒಬ್ಬ ಕಂಡಕ್ಟರ್‌ನ ಕೈಸನ್ನೆಯಂತೆ ನುಡಿಸುವ ಮೇಳವದು. ಸಾಮಾನ್ಯವಾಗಿ ಇದಕ್ಕೆ ಸಂಗೀತ ಶಾಲೆ, ಸರಕಾರದ ನೆರವು, ಧನಿಕರ ಪೋಷಣೆ ಎಲ್ಲವೂ ಬೇಕು. ಇವು ಯಾವುವೂ ಇಲ್ಲದೆ, ಆಫ್ರಿಕಾದ ಕೊಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸದಲ್ಲಿ ಒಂದು ಚರ್ಚಿನ ವಿಶ್ವಾಸಿಗಳು ಕಟ್ಟಿದ ಹವ್ಯಾಸಿ ಮೇಳವೇ 'ಕಿಂಬಂಗು ಸಿಂಫನಿ ಆರ್ಕೆಸ್ಟ್ರಾ'.

ಹಿನ್ನೆಲೆ

ಈ ಮೇಳದ ಹೆಸರು ಸೈಮನ್ ಕಿಂಬಂಗು ಅವರಿಂದ ಬಂದದ್ದು. ಬ್ಯಾಪ್ಟಿಸ್ಟ್ ಮಿಷನ್‌ನಲ್ಲಿ ಬೆಳೆದ ಕಿಂಬಂಗು 1921ರಲ್ಲಿ ತಮ್ಮ ಹುಟ್ಟೂರು ಎನ್‌ಕಾಂಬದಲ್ಲಿ ಬೋಧನೆ ಆರಂಭಿಸಿದರು. ಕೆಲವೇ ತಿಂಗಳಲ್ಲಿ ಸಾವಿರಾರು ಜನ ಸೇರತೊಡಗಿದಾಗ ಬೆಲ್ಜಿಯನ್ ವಸಾಹತು ಆಡಳಿತ ಬೆದರಿತು. ಅದೇ ವರ್ಷ ಅವರನ್ನು ಬಂಧಿಸಿ ಮರಣದಂಡನೆ ವಿಧಿಸಲಾಯಿತು. ಬೆಲ್ಜಿಯಂನ ದೊರೆ ಮೊದಲನೇ ಆಲ್ಬರ್ಟ್ ಅದನ್ನು ಜೀವಾವಧಿ ಸೆರೆವಾಸವಾಗಿ ಬದಲಿಸಿದರು. 30 ವರ್ಷ ಸೆರೆಯಲ್ಲಿದ್ದ ಕಿಂಬಂಗು 1951ರಲ್ಲಿ ಅಲ್ಲೇ ಮರಣ ಹೊಂದಿದರು. ಅವರ ಅನುಯಾಯಿಗಳ ಸಭೆಗೆ ಸರಕಾರದ ಮಾನ್ಯತೆ ದೊರೆತದ್ದು 1959ರಲ್ಲಿ. ಇದು ಕಥೋಲಿಕ ಧರ್ಮಸಭೆಗೆ ಸೇರಿದ್ದಲ್ಲ. ಆಫ್ರಿಕಾದ ನೆಲದಲ್ಲೇ ಹುಟ್ಟಿದ ಪ್ರತ್ಯೇಕ ಕ್ರೈಸ್ತ ಸಭೆ. ಇವರಲ್ಲಿ ಸಂಗೀತಕ್ಕೆ ದೊಡ್ಡ ಸ್ಥಾನವಿದೆ. ಬ್ರಾಸ್ ಬ್ಯಾಂಡು, ಕೊಳಲು ತಂಡ, ಗಾಯನ ಮಂಡಳಿಗಳು ಆರಾಧನೆಯ ಭಾಗವಾಗಿವೆ. ಆದ್ದರಿಂದ ಆರ್ಕೆಸ್ಟ್ರಾ ಬರಿಗೈಯಲ್ಲಿ ಹುಟ್ಟಿದರೂ ಬರಿಗಿವಿಯಲ್ಲಿ ಹುಟ್ಟಲಿಲ್ಲ.

ಆರಂಭ

ಅರ್ಮಾಂಡ್ ದಿಯಾಂಗಿಯೆಂಡ ಅವರು ಕಿಂಬಂಗು ಅವರ ಮೊಮ್ಮಗ. ಅವರ ತಂದೆ ಜೋಸೆಫ್ ದಿಯಾಂಗಿಯೆಂಡ 1992ರಲ್ಲಿ ತೀರಿಕೊಳ್ಳುವವರೆಗೆ ಸಭೆಯ ಮುಖ್ಯಸ್ಥರಾಗಿದ್ದರು. ಅರ್ಮಾಂಡ್ ವೃತ್ತಿಯಲ್ಲಿ ವಿಮಾನ ಚಾಲಕರು. ಕಂಪೆನಿಯ ವಿಮಾನ ಅಪಘಾತಕ್ಕೀಡಾದ ಬಳಿಕ ಅವರ ಉದ್ಯೋಗ ಹೋಯಿತು. ಸಿಂಫನಿ ಮೇಳವೊಂದು ಇರಬೇಕೆಂಬುದು ತಂದೆಯ ಆಸೆಯಾಗಿತ್ತು. ಕೆಲಸವಿಲ್ಲದ ಮಗ ಆ ಆಸೆಯನ್ನು ಕೈಗೆತ್ತಿಕೊಂಡು 1994ರಲ್ಲಿ ಮೇಳವನ್ನು ಸ್ಥಾಪಿಸಿದರು.

ಆಗ ಸೇರಿದವರು ಹತ್ತು ಹನ್ನೆರಡು ಮಂದಿ. ಇದ್ದ ವಯೊಲಿನ್‌ಗಳು ಬೆರಳೆಣಿಕೆಯಷ್ಟು. ಒಬ್ಬರು ಒಂದಷ್ಟು ಹೊತ್ತು ಅಭ್ಯಾಸ ಮಾಡಿ ಮುಂದಿನವರಿಗೆ ದಾಟಿಸಬೇಕು. ಉಳಿದವರು ಕುಳಿತು ಕೇಳಬೇಕು. ಕಲಿಸಲು ಗುರುಗಳಿರಲಿಲ್ಲ. ಅರ್ಮಾಂಡ್ ಅವರೇ ಪಿಯಾನೊ, ಚೆಲ್ಲೊ, ಟ್ರಾಂಬೋನ್‌ಗಳನ್ನು ಸ್ವಂತವಾಗಿ ಕಲಿತರು. ಇಂದು ಒಂದು ಪಾಠ ಕಲಿತವನು ನಾಳೆ ಅದನ್ನು ಹೊಸಬನಿಗೆ ಕಲಿಸಬೇಕು ಎಂಬುದೇ ಅಲ್ಲಿಯ ಸಂಗೀತ ಶಾಲೆಯಾಯಿತು. ಮುದ್ರಿತ ಸ್ವರಲಿಪಿ ಸಿಗದ ಕಡೆ ಪ್ರತಿ ವಾದ್ಯದ ಭಾಗವನ್ನು ಕೈಯಿಂದ ಬರೆದುಕೊಂಡರು.

ವಾದ್ಯಗಳ ಸಮಸ್ಯೆ

ವಯೊಲಿನ್‌ನ ತಂತಿ ತುಂಡಾದರೆ ಕಿನ್ಶಾಸದ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಸೈಕಲ್ ಬ್ರೇಕಿನ ಕೇಬಲ್ ಬಿಚ್ಚಿ, ಅದರ ಎಳೆಯನ್ನು ತಂತಿಯಾಗಿ ಕಟ್ಟಿ ನುಡಿಸಿದ ಸಂಗತಿ ಈಗ ಈ ಮೇಳದ ಇತಿಹಾಸದ ಭಾಗ. ಡಬಲ್ ಬೇಸ್ ಎಂಬುದು ಆಳೆತ್ತರದ ವಾದ್ಯ. ಅದನ್ನು ಹೊರದೇಶದಿಂದ ತರಿಸುವ ಮಾತೇ ಇರಲಿಲ್ಲ. ಮೇಳದ ಬೇಸ್ ವಾದಕರೊಬ್ಬರು ಇದ್ದ ವಾದ್ಯದ ಅಳತೆ ತೆಗೆದು, ಊರಿನಲ್ಲಿ ಸಿಕ್ಕ ಮರದಿಂದಲೇ ಹೊಸ ವಾದ್ಯ ತಯಾರಿಸಲು ಕಲಿತರು.

ವಾದಕರಿಗೆ ಸಂಬಳವಿಲ್ಲ. ಅವರಲ್ಲಿ ಎಲೆಕ್ಟ್ರೀಷಿಯನ್, ಕ್ಷೌರಿಕ, ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಹೆಂಗಸರು, ವಿದ್ಯಾರ್ಥಿಗಳು, ನಿರುದ್ಯೋಗಿಗಳು ಎಲ್ಲ ಇದ್ದಾರೆ. ದಿನವಿಡೀ ದುಡಿದು ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ಬಸ್ಸಿಗೆ ಕಾಸಿಲ್ಲದವರು ಮೈಲುಗಟ್ಟಲೆ ನಡೆದು ಬಂದದ್ದುಂಟು. ಅಭ್ಯಾಸದ ನಡುವೆ ಕರೆಂಟು ಹೋಗುವುದು ಅಲ್ಲಿ ಮಾಮೂಲು.

ಇದರ ಮೇಲೆ ದೇಶದ ಸ್ಥಿತಿ. 1996ರಿಂದ 2003ರವರೆಗೆ ಕೊಂಗೊ ಎರಡು ಯುದ್ಧಗಳನ್ನು ಕಂಡಿತು. 1997ರಲ್ಲಿ ಮೊಬುಟು ಆಡಳಿತ ಉರುಳಿತು. ಜೈರ್ ಎಂದಿದ್ದ ದೇಶದ ಹೆಸರೇ ಬದಲಾಯಿತು. 2001ರಲ್ಲಿ ಅಧ್ಯಕ್ಷ ಲಾರೆಂಟ್ ಕಬಿಲ ಹತ್ಯೆಯಾದರು. ಇಂತಹ ವರ್ಷಗಳಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೇ ಬಾಗಿಲು ಹಾಕಿದರೂ ಈ ಮೇಳ ಮುಚ್ಚಲಿಲ್ಲ. ಹನ್ನೆರಡು ಮಂದಿಯ ಗುಂಪು, ಗಾಯನ ಮಂಡಳಿಯೂ ಸೇರಿ, ಸುಮಾರು 200 ಮಂದಿಯ ಮೇಳವಾಗಿ ಬೆಳೆಯಿತು.

ಕಂಡಕ್ಟರ್‌ನ ಕೆಲಸ

ಕಂಡಕ್ಟರ್ ಸುಮ್ಮನೆ ಕೋಲು ಬೀಸುವವನೆಂದು ಕೆಲವರು ಭಾವಿಸುವುದುಂಟು. ವಾದಕನ ಮುಂದೆ ಅವನ ಭಾಗ ಮಾತ್ರ ಇರುತ್ತದೆ; ಕಂಡಕ್ಟರ್‌ನ ಮುಂದೆ ಎಲ್ಲರ ಭಾಗಗಳೂ ಇರುತ್ತವೆ. ಬಲಗೈ ತಾಳ ಮತ್ತು ವೇಗವನ್ನು ತೋರಿಸಿದರೆ, ಎಡಗೈ ಯಾರು ಯಾವಾಗ ಆರಂಭಿಸಬೇಕು, ಎಷ್ಟು ಮೆಲ್ಲಗೆ, ಎಷ್ಟು ಗಟ್ಟಿಯಾಗಿ ಎಂಬುದನ್ನು ತಿಳಿಸುತ್ತದೆ. ಆದರೆ ನಿಜವಾದ ಕೆಲಸ ನಡೆಯುವುದು ವೇದಿಕೆಯಲ್ಲಲ್ಲ, ಅಭ್ಯಾಸದಲ್ಲಿ. ಹವ್ಯಾಸಿ ಮೇಳದಲ್ಲಿ ಇದು ಇನ್ನೂ ಕಠಿಣ. ಸಂಬಳ ಪಡೆಯುವವನಿಗೆ 'ನಾಳೆ ಬಾ' ಎನ್ನಬಹುದು. ಹಸಿದು ಬಂದವನನ್ನು ಪ್ರೀತಿಯಿಂದಲೇ ಮತ್ತೆ ಕರೆಯಬೇಕು. ತಪ್ಪನ್ನು ಎತ್ತಿ ತೋರಿಸಲೂ ಬೇಕು, ಅವನು ಮನನೊಂದು ಬಿಟ್ಟು ಹೋಗಲೂಬಾರದು. ಇಷ್ಟು ವರ್ಷ ಇಷ್ಟು ಜನರನ್ನು ಜೊತೆಗಿಟ್ಟುಕೊಂಡದ್ದೇ ಅರ್ಮಾಂಡ್ ಅವರ ಅತಿ ದೊಡ್ಡ ಸಾಧನೆ ಎನ್ನಬೇಕು.

ನುಡಿಸಿದ ಕೃತಿಗಳು

ಮೇಳಕ್ಕೆ ಹೆಸರು ತಂದದ್ದು ಬೆಥೊವನ್‌ನ ಒಂಬತ್ತನೆಯ ಸಿಂಫನಿ. 1824ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನಗೊಂಡ ಈ ಕೃತಿಯ ಕೊನೆಯ ಭಾಗದಲ್ಲಿ ಗಾಯನ ಮಂಡಳಿಯೂ ಹಾಡುತ್ತದೆ. ಜರ್ಮನ್ ಕವಿ ಶಿಲ್ಲರ್‌ನ ಸಾಹಿತ್ಯವನ್ನು, ಲಿಂಗಾಲ ಮತ್ತು ಫ್ರೆಂಚ್ ಮಾತಾಡುವ ಕಿನ್ಶಾಸದ ಗಾಯಕರು ಒಂದೊಂದು ಶಬ್ದದ ಉಚ್ಚಾರಣೆಯನ್ನೂ ತಿದ್ದಿಕೊಂಡು ಕಲಿತರು. ಕಾರ್ಲ್ ಓರ್ಫ್‌ನ 'ಕಾರ್ಮಿನಾ ಬುರಾನಾ'ವನ್ನೂ ನುಡಿಸಿದ್ದಾರೆ.

ಯುರೋಪಿನವರಿಂದ ಅಷ್ಟು ಕಷ್ಟ ಅನುಭವಿಸಿದ ಜನ ಅವರದೇ ಸಂಗೀತವನ್ನು ನುಡಿಸುವುದೇಕೆ ಎಂಬ ಪ್ರಶ್ನೆ ಸಹಜ. ಅರ್ಮಾಂಡ್ ಅವರು ಸ್ವತಃ ರಚಿಸಿದ ಸಿಂಫನಿಯ ಹೆಸರು 'ಮೋನ್ ಇದಾಂತಿತೆ'. ಫ್ರೆಂಚ್ ಭಾಷೆಯಲ್ಲಿ 'ನನ್ನ ಗುರುತು' ಎಂದರ್ಥ. ಕಲಿತ ಕಲೆಯನ್ನು ಕೇವಲ ಅನುಕರಣೆಗೆ ಬಿಡದೆ ತಮ್ಮದಾಗಿಸಿಕೊಂಡರು ಎನ್ನಲು ಆ ಹೆಸರೇ ಸಾಕು. ಕೊಂಗೊದ ಕಥೋಲಿಕರಿಗೂ ಇಂತಹ ಪರಂಪರೆಯಿದೆ. 1958ರಲ್ಲಿ ಬೆಲ್ಜಿಯಂನ ಫ್ರಾನ್ಸಿಸ್ಕನ್ ಧರ್ಮಗುರು ಗೀಡೊ ಹಾಜೆನ್ ಅವರ ಗಾಯನ ತಂಡ ಲ್ಯಾಟಿನ್ ಪೂಜಾ ಗೀತೆಗಳನ್ನು ಕೊಂಗೊದ ರಾಗ ತಾಳಗಳಲ್ಲಿ ಹಾಡಿದ 'ಮಿಸ್ಸಾ ಲೂಬ' ಜಗತ್ಪ್ರಸಿದ್ಧ. ಅಲ್ಲಿಯ ಧರ್ಮಪ್ರಾಂತ್ಯಗಳಿಗೆಂದೇ ರೂಪಿಸಿದ ಬಲಿಪೂಜೆಯ ಕ್ರಮಕ್ಕೆ ರೋಮ್ 1988ರಲ್ಲಿ ಒಪ್ಪಿಗೆ ನೀಡಿತು.

ಮನ್ನಣೆ

2010ರಲ್ಲಿ ಜರ್ಮನ್ ನಿರ್ದೇಶಕರಾದ ಕ್ಲಾಸ್ ವಿಶ್‌ಮನ್ ಮತ್ತು ಮಾರ್ಟಿನ್ ಬೇರ್ ಅವರ 'ಕಿನ್ಶಾಸ ಸಿಂಫನಿ' ಸಾಕ್ಷ್ಯಚಿತ್ರ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ಹೊರಜಗತ್ತಿಗೆ ಈ ಮೇಳದ ಪರಿಚಯವಾಯಿತು. 2012ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಕಾರ್ಯಕ್ರಮ ಇದರ ಬಗ್ಗೆ ವರದಿ ಪ್ರಸಾರ ಮಾಡಿತು. 2013ರಲ್ಲಿ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಸೊಸೈಟಿ ಅರ್ಮಾಂಡ್ ಅವರಿಗೆ ಗೌರವ ಸದಸ್ಯತ್ವ ನೀಡಿತು. ಬೆಥೊವನ್‌ಗೆ ಒಂಬತ್ತನೆಯ ಸಿಂಫನಿ ಬರೆಯಲು ಹಣ ನೀಡಿದ್ದು ಇದೇ ಸಂಸ್ಥೆ ಎಂಬುದು ಗಮನಾರ್ಹ. 2014ರಲ್ಲಿ ಮೇಳ ಬ್ರಿಟನ್ ಪ್ರವಾಸ ಕೈಗೊಂಡು ಲಂಡನ್ನಿನಲ್ಲಿಯೂ ನುಡಿಸಿತು.

ನಮ್ಮ ಗಾಯನ ಮಂಡಳಿಗಳಿಗೆ

ನಮ್ಮ ಅನೇಕ ಚರ್ಚುಗಳಲ್ಲಿ ಕೀಬೋರ್ಡ್ ಇದೆ, ಮೈಕ್ ಇದೆ. ಅಭ್ಯಾಸಕ್ಕೆ ಬರುವವರು ಕಡಿಮೆ ಎಂಬ ದೂರೂ ಇದೆ. ಕಿನ್ಶಾಸದ ಅನುಭವ ಹೇಳುವುದು ಸರಳ ಸಂಗತಿಗಳನ್ನು. ನಿಗದಿಯಾದ ದಿನ ಅಭ್ಯಾಸ ತಪ್ಪಬಾರದು. ಕಲಿತವರು ಕಿರಿಯರಿಗೆ ಕಲಿಸಬೇಕು. ವಾದ್ಯವನ್ನು ಬೀರುವಿನಲ್ಲಿ ಬೀಗ ಹಾಕಿಡುವ ಬದಲು ಹಂಚಿಕೊಂಡು ನುಡಿಸಬೇಕು. ಸ್ವರಲಿಪಿ ಓದಲು ಮಕ್ಕಳಿಗೆ ಚಿಕ್ಕಂದಿನಲ್ಲೇ ಹೇಳಿಕೊಡಬೇಕು. ಎಲ್ಲಕ್ಕಿಂತ ಮೊದಲು, ಎಲ್ಲ ಅನುಕೂಲ ಒದಗಿದ ಮೇಲೆ ಆರಂಭಿಸೋಣವೆಂದು ಕಾಯಬಾರದು. ಹಾಗೆ ಕಾದಿದ್ದರೆ ಕಿನ್ಶಾಸದಲ್ಲಿ ಇಂದಿಗೂ ಆರ್ಕೆಸ್ಟ್ರಾ ಹುಟ್ಟುತ್ತಿರಲಿಲ್ಲ.