ನೆಹರೂ ಪ್ಲೇಸಿನ ಡಾಂಗಲ್ಲೂ ಸಂಚಾರ ಭವನದ ಕಾಗದವೂ

ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಂತ ಮೇಲೆ, ಹಳೆಯ ಕಂಪ್ಯೂಟರನ್ನು ಕಬಾಡಿಯವನಿಗೆ ಕೊಡಲು ಮನಸ್ಸಾಗದೆ ಅದಕ್ಕೆ ಲಿನಕ್ಸ್ ಹಾಕಿಕೊಂಡವರು ನಮ್ಮ ಬಳಗದಲ್ಲೂ ಇದ್ದಾರೆ. ಎಲ್ಲವೂ ನಡೆಯುತ್ತದೆ, ನೆಹರೂ ಪ್ಲೇಸಿನಿಂದ ತಂದ ಯು.ಎಸ್.ಬಿ. ವೈ-ಫೈ ಡಾಂಗಲ್ ಮಾತ್ರ ಮೌನ ವಹಿಸುತ್ತದೆ. ಅಂಗಡಿಯವನೊಡನೆ ಜಗಳಕ್ಕೆ ಹೊರಡುವ ಮುನ್ನ ಈ ಮೌನದ ಚರಿತ್ರೆಯನ್ನು ನಾವು ತಿಳಿದಿರುವುದು ಒಳ್ಳೆಯದು. ಅದರ ಒಂದು ಎಳೆ ದೆಹಲಿಯಲ್ಲೇ ಇದೆ.

1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ನಮ್ಮ ಹಿರಿಯರು ರೇಡಿಯೋ ಲೈಸೆನ್ಸಿನ ಪುಸ್ತಕ ಹಿಡಿದು ಅಂಚೆ ಕಚೇರಿಯ ಕಿಟಕಿಯೆದುರು ನಿಲ್ಲುತ್ತಿದ್ದುದು ನೆನಪಿರಬಹುದು. ಆ ಶುಲ್ಕ ರದ್ದಾದದ್ದು ಎಂಬತ್ತರ ದಶಕದಲ್ಲಿ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಮನೆಯೊಳಗೂ ಹೊರಗೂ ಪರವಾನಗಿ ಬೇಡವೆಂದು ಅಶೋಕ ರಸ್ತೆಯ ಸಂಚಾರ ಭವನದಿಂದ ಅಧಿಸೂಚನೆ ಹೊರಟದ್ದು 2005ರ ಜನವರಿಯಲ್ಲಿ.

ಅಷ್ಟರಲ್ಲಿ ಲಿನಕ್ಸ್ ನಮ್ಮ ದೇಶಕ್ಕೆ ಬಂದು ದಶಕವಾಗುತ್ತಿತ್ತು. ಲೀನಸ್ ತೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ತಂತ್ರಾಂಶವನ್ನು 1996ರಲ್ಲಿ ಸೈಬರ್ ಮೀಡಿಯಾ ಸಂಸ್ಥೆಯ ‘ಪಿ.ಸಿ. ಕ್ವೆಸ್ಟ್’ ಮಾಸಪತ್ರಿಕೆ ಸಿ.ಡಿ.ಯಲ್ಲಿ ತನ್ನ ಓದುಗರಿಗೆ ಹಂಚಿತು. ಅದರ ಹಿಂದಿದ್ದವರು ಬರ್ಲಿನ್ನಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್. 2013ರಲ್ಲಿ ತೀರಿಕೊಂಡ ಅವರನ್ನು ಕನ್ನಡನಾಡು ಇನ್ನಷ್ಟು ನೆನೆಯಬೇಕಿತ್ತು.

ಆಗಿನ ಟೆಲಿಫೋನ್ ಮೋಡೆಮ್ಮುಗಳಲ್ಲಿ ಹೊರಗೆ ಇಡುವಂಥವು ಲಿನಕ್ಸಿನೊಡನೆ ಸುಲಭವಾಗಿ ಹೊಂದಿಕೊಳ್ಳುತ್ತಿದ್ದವು. ಅವುಗಳಿಗೆ ಕೊಡುವ ಆಜ್ಞೆಗಳು ಎಲ್ಲರಿಗೂ ತಿಳಿದಿದ್ದುವು. ವೈ-ಫೈ ಚಿಪ್ಪುಗಳ ವಿಷಯ ಹಾಗಾಗಲಿಲ್ಲ. ಅನೇಕ ತಯಾರಕರು ವಿಂಡೋಸಿಗೆ ಮಾತ್ರ ಡ್ರೈವರ್ ಕೊಟ್ಟು, ಚಿಪ್ಪಿನ ವಿವರಗಳನ್ನು ಬಚ್ಚಿಟ್ಟರು. ಆಗ ಪೋಂಟಸ್ ಫುಕ್ಸ್ ಮತ್ತು ಗಿರಿಧರ ಪೆಮ್ಮಸಾನಿ ‘ಎನ್‌ಡಿಐಎಸ್ ರ‍್ಯಾಪರ್’ ಕಟ್ಟಿ, ವಿಂಡೋಸಿನ ಡ್ರೈವರನ್ನೇ ಲಿನಕ್ಸಿನೊಳಗೆ ದುಡಿಸಿದರು. ಜಾಣ ಉಪಾಯ, ಆದರೆ ಎರವಲು ನಾಲಗೆ.

ಹೊರಗಿನ ಹೆಸರನ್ನೂ ನಂಬುವಂತಿಲ್ಲ. ಟಿ.ಪಿ.-ಲಿಂಕ್‌ನ 722ಎನ್ ಡಾಂಗಲಿನ ಮೊದಲ ಆವೃತ್ತಿಯಲ್ಲಿದ್ದದ್ದು ಅಥೆರೋಸ್ ಚಿಪ್ಪು. ಮುಂದಿನ ಆವೃತ್ತಿಗಳಲ್ಲಿ ಅದೇ ಹೆಸರಿನೊಳಗೆ ರಿಯಲ್‌ಟೆಕ್ ಚಿಪ್ಪು ಬಂದು ಕುಳಿತಿತು. ಮೊದಲನೆಯದಕ್ಕೆ 2010ರಲ್ಲೇ ಕರ್ನಲಿನೊಳಗೆ ಡ್ರೈವರ್ ಇತ್ತು, 2013ರಲ್ಲಿ ಚಿಪ್ಪಿನೊಳಗಿನ ತಂತ್ರಾಂಶವನ್ನೂ ತೆರೆದಿಟ್ಟರು. ಎರಡನೆಯದನ್ನು ಕೊಂಡವರು ಹೊರಗಿನಿಂದ ಡ್ರೈವರ್ ತಂದು, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಿಕೊಳ್ಳುವ ಪಾಡು ಪಟ್ಟರು. ಒಪ್ಪವಾದ ಡ್ರೈವರ್ ಕರ್ನಲಿಗೆ ಸೇರಿದ್ದು 2023ರಲ್ಲಿ.

ಆದ್ದರಿಂದ ನಾವು ಮೊದಲು ನೋಡಬೇಕಾದದ್ದು ಡಬ್ಬಿಯನ್ನಲ್ಲ, ಚಿಪ್ಪಿನ ಗುರುತನ್ನು. ‘ಎಲ್‌ಎಸ್‌ಯುಎಸ್‌ಬಿ’ ಎಂದು ಆಜ್ಞೆ ಕೊಟ್ಟರೆ ಅದು ಕಾಣುತ್ತದೆ. ರಿಯಲ್‌ಟೆಕ್‌ನದಾದರೆ ಅನೇಕ ಸಲ ಸೊನ್ನೆಯ ಮುಂದೆ ಬಿ.ಡಿ.ಎ. ಎಂದಿರುತ್ತದೆ, ಬೆಂಗಳೂರಿನವರಿಗೆ ಸೈಟು ನೆನಪಾದರೆ ತಪ್ಪಿಲ್ಲ. ಕೆಲವು ಡಾಂಗಲುಗಳು ಮೊದಲಿಗೆ ಸಿ.ಡಿ. ಡ್ರೈವಿನ ವೇಷದಲ್ಲಿ ಬರುತ್ತವೆ, ಏಕೆಂದರೆ ವಿಂಡೋಸಿನ ಡ್ರೈವರ್ ಅವುಗಳ ಹೊಟ್ಟೆಯಲ್ಲೇ ಇರುತ್ತದೆ. ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬುದು ಆ ವೇಷವನ್ನು ಕಳಚುತ್ತದೆ. ಇನ್ನು ‘ಡಿಮೆಸೇಜ್’ ಫರ್ಮ್‌ವೇರ್ ಸಿಗಲಿಲ್ಲವೆಂದು ದೂರಿದರೆ, ಡ್ರೈವರಿನ ಗೋಜಿಗೆ ಹೋಗದೆ ಆ ಕಡತವನ್ನು ಹಾಕಿದರೆ ಸಾಕು.

ಎಲ್ಲ ಸರಿಯಿದ್ದೂ ಪಕ್ಕದ ರೌಟರ್ ಮಾತ್ರ ಕಾಣದಿದ್ದರೆ, ಅದು 12 ಅಥವಾ 13ನೇ ಚಾನೆಲಿನಲ್ಲಿರಬಹುದು. ಯಾವ ದೇಶದಲ್ಲಿದ್ದೇನೆಂದು ತಿಳಿಯದ ಲಿನಕ್ಸ್ ಆ ಚಾನೆಲುಗಳಲ್ಲಿ ತಾನಾಗಿ ಬಾಯಿ ತೆರೆಯುವುದಿಲ್ಲ. ಒಂದೊಂದು ದೇಶದ ನಿಯಮವೂ ಅದರೊಳಗಿನ ಒಂದು ಕಡತದಲ್ಲಿ ಎರಡೆರಡು ಅಕ್ಷರದ ಹೆಸರಿನಲ್ಲಿದೆ. ಭಾರತದ್ದು ‘ಐ.ಎನ್.’ ಆ ಎರಡು ಅಕ್ಷರ ಬರೆದುಕೊಟ್ಟರೆ, 2005ರಲ್ಲಿ ಅಶೋಕ ರಸ್ತೆಯಿಂದ ಹೊರಟ ಅನುಮತಿ ಡಾಂಗಲ್ಲಿಗೂ ತಲಪುತ್ತದೆ.