ಆತಿಥೇಯನ ಲೆಕ್ಕ: ಸತ್ರದಿಂದ ಹೋಂಸ್ಟೇವರೆಗೆ

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿ ಶಿರಾ ದಾಟಿ ಹಿರಿಯೂರನ್ನು ಮುಟ್ಟುವ ಮೊದಲು ಸಿಗುವ ಊರು ಜವನಗೊಂಡನಹಳ್ಳಿ. ಹಿರಿಯೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವಿದು. ಈ ಊರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ತಿಂಗಳ ಹಿಂದೆ ದೂರವಾಣಿಯಲ್ಲಿ ಮಾತನಾಡುತ್ತ ತಮ್ಮ ಯೋಜನೆಯೊಂದನ್ನು ವಿವರಿಸಿದರು. 1933ರ ಬಳಿಕ ಮೊದಲ ಸಲ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದಾಗಿನಿಂದ ಆ ಕಡೆಗೆ ಬರುವ ಪ್ರವಾಸಿಗಳು ಹೆಚ್ಚಿದ್ದಾರೆ. ಚಿತ್ರದುರ್ಗದ ಕೋಟೆ ನೋಡಲು ಹೋಗುವವರಿಗೂ ಇದೇ ದಾರಿ. ಮನೆಯ ಮೇಲಂತಸ್ತಿನ ಎರಡು ಕೋಣೆಗಳನ್ನು ಇಂಥವರಿಗೆ ದಿನದ ಲೆಕ್ಕದಲ್ಲಿ ಕೊಡಬೇಕೆಂಬುದು ಅವರ ಆಲೋಚನೆ. ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆ ಇದು: "ಸರ್, ನಮ್ಮ ಮನೆಯಲ್ಲಿ ನಾವು ನಾಲ್ಕು ಜನ ಅತಿಥಿಗಳನ್ನು ಇಟ್ಟುಕೊಂಡರೆ ಅದಕ್ಕೂ ಸರ್ಕಾರಕ್ಕೂ ಏನು ಸಂಬಂಧ?"

ಕನ್ನಡ ಅಧ್ಯಾಪಕನಾದ ನನಗೆ ತೆರಿಗೆಯ ಕಾನೂನು ಪರಕ್ಷೇತ್ರ. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆಯಲ್ಲ. ಎರಡು ಸಾವಿರ ವರ್ಷಗಳಿಂದ ಈ ನೆಲದಲ್ಲಿ ಇದಕ್ಕೆ ಉತ್ತರ ಹೇಳುತ್ತಲೇ ಬಂದಿದ್ದಾರೆ. ಆ ಉತ್ತರಗಳ ಸಾಲನ್ನು ಒಮ್ಮೆ ಜೋಡಿಸಿ ನೋಡುವುದು ಈ ಬರೆಹದ ಉದ್ದೇಶ.

ಮೊದಲಿಗೆ ಪದವನ್ನು ನೋಡೋಣ. ಬರುವ ತಿಥಿ ನಿಗದಿಯಿಲ್ಲದವನು ಅತಿಥಿ ಎಂಬುದು ಸಂಪ್ರದಾಯದ ನಿರುಕ್ತಿ. ಜೈನ ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತಿಥಿ ಸಂವಿಭಾಗವೂ ಒಂದು. ಸಂವಿಭಾಗವೆಂದರೆ ತನ್ನದರಲ್ಲಿ ಒಂದು ಪಾಲನ್ನು ಕ್ರಮವರಿತು ತೆಗೆದಿಡುವುದು. ಇಲ್ಲಿ ಆತಿಥ್ಯ ಕೊಡುವವನ ಮನಬಂದಂತೆ ನಡೆಯುವ ಕೃಪೆಯಲ್ಲ. ಅದಕ್ಕೆ ವಿಧಿಯುಂಟು, ದ್ರವ್ಯದ ಶುದ್ಧಿಯುಂಟು, ಪಾತ್ರಾಪಾತ್ರದ ವಿಚಾರವುಂಟು, ತಪ್ಪಿದರೆ ಅತಿಚಾರವೆಂಬ ದೋಷವೂ ಉಂಟು. ಆತಿಥ್ಯವೆಂದರೆ ಹೊಣೆ ಎಂಬ ಭಾವನೆ ನಮ್ಮ ಧರ್ಮಗ್ರಂಥಗಳಲ್ಲೇ ಇತ್ತು. ಈ ಹೊಣೆಯನ್ನು ರಾಜ್ಯವು ಯಾವಾಗ, ಹೇಗೆ ಕೈಗೆತ್ತಿಕೊಂಡಿತು?

ಚಿತ್ರದುರ್ಗ ಜಿಲ್ಲೆ ಈ ಕಥೆಯ ಆರಂಭಕ್ಕೆ ಒಳ್ಳೆಯ ಸ್ಥಳ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಈ ಬಂಡೆಗಳ ಮೇಲೆ ಪಯಣಿಗರ ತಂಗುದಾಣದ ಮಾತಿಲ್ಲ. ಆದರೆ ಇದೇ ಅರಸ ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ದಾರಿಗಳ ಉದ್ದಕ್ಕೂ ಆಲದ ಮರಗಳನ್ನು ನೆಡಿಸಿದುದನ್ನೂ ಬಾವಿಗಳನ್ನು ತೋಡಿಸಿದುದನ್ನೂ ತಂಗುದಾಣಗಳನ್ನು ಮಾಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಇಲ್ಲಿ ಆತಿಥೇಯ ಸ್ವತಃ ರಾಜ್ಯ. ಕೊಡುವವನೂ ಅದೇ, ಲೆಕ್ಕ ಇಡುವವನೂ ಅದೇ.

ಖಾಸಗಿ ಮನೆಯಲ್ಲಿ ಪರಸ್ಥಳದವನು ತಂಗಿದಾಗ ಏನಾಗಬೇಕು? ಇದಕ್ಕೆ ಖಚಿತ ಉತ್ತರವಿರುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಈ ಗ್ರಂಥದ ಹಸ್ತಪ್ರತಿ ಲೋಕದ ಕಣ್ಣಿಗೆ ಬಿದ್ದುದು ನಮ್ಮ ಮೈಸೂರಿನಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ನಗರದ ಆಡಳಿತವನ್ನು ನೋಡಿಕೊಳ್ಳುವ ನಾಗರಿಕನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವೊಂದಿದೆ. ಧರ್ಮಾರ್ಥದ ತಂಗುದಾಣಗಳನ್ನು ನಡೆಸುವವರು ದಾರಿಹೋಕರ ವಿಷಯವನ್ನು ಅಧಿಕಾರಿಗೆ ತಿಳಿಸಿಯೇ ಅವರನ್ನು ಇರಿಸಿಕೊಳ್ಳಬೇಕು. ಕುಶಲಕರ್ಮಿಗಳು ತಮ್ಮ ಕಸುಬಿನವರನ್ನು, ವರ್ತಕರು ವರ್ತಕರನ್ನು ತಮ್ಮ ಕೆಲಸದ ಜಾಗಗಳಲ್ಲಿ ಇರಿಸಿಕೊಳ್ಳಬಹುದು. ಬೇಯಿಸಿದ ಅನ್ನ ಮಾರುವವರು, ಮದ್ಯ ಮಾರುವವರು ತಮಗೆ ಚೆನ್ನಾಗಿ ಪರಿಚಯವಿರುವವರಿಗೆ ಮಾತ್ರ ಇಂಬು ಕೊಡಬಹುದು. ಮನೆಯ ಯಜಮಾನನಾದರೋ ಬಂದವರನ್ನೂ ಹೊರಟವರನ್ನೂ ವರದಿ ಮಾಡಬೇಕು. ಮಾಡದಿದ್ದರೆ ಆ ರಾತ್ರಿ ನಡೆದ ಅಪರಾಧದ ದೋಷ ಅವನ ತಲೆಗೆ. ಏನೂ ನಡೆಯದೆ ರಾತ್ರಿ ಸುಖವಾಗಿ ಕಳೆದಿದ್ದರೂ ಮೂರು ಪಣ ದಂಡ ತಪ್ಪದು.

ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಕೆಡುಕಾಗದಿದ್ದರೂ ವರದಿ ಮಾಡದಿರುವುದೇ ತಪ್ಪು. ಅತಿಥಿಗೆ ಬಾಗಿಲು ತೆರೆದವನು ಬಂದವನಿಗೂ ಊರಿಗೂ ಏಕಕಾಲಕ್ಕೆ ಬಾಧ್ಯಸ್ಥ ಎಂಬ ತತ್ತ್ವ ಇಲ್ಲಿದೆ.

ಇನ್ನು ತೆರಿಗೆಯ ಮಾತು. ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಸತ್ರ, ಅರವಟ್ಟಿಗೆ, ಮಠಗಳಿಗೆ ಬಿಟ್ಟ ದತ್ತಿಗಳು ಚಿರಪರಿಚಿತ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನ ಪ್ರಸಿದ್ಧವಾದುದು. ವಿದ್ಯೆಯ ನೆಲೆಯಾಗಿದ್ದ ಆ ಮಠ ದೀನರಿಗೆ, ಅಂಗವಿಕಲರಿಗೆ, ಕಲಾವಿದರಿಗೆ ಅನ್ನವಿಕ್ಕುವ ಸ್ಥಾನವಾಗಿತ್ತು, ರೋಗಿಗಳಿಗೆ ಔಷಧ ದೊರೆಯುವ ಎಡೆಯಾಗಿತ್ತು. ಇಂಥ ಸಂಸ್ಥೆಗಳಿಗೆ ಬಿಟ್ಟ ಭೂಮಿಯನ್ನು ಸರ್ವಮಾನ್ಯವೆಂದೂ ಸರ್ವಬಾಧಾ ಪರಿಹಾರವೆಂದೂ ಶಾಸನಗಳು ಕರೆಯುತ್ತವೆ. ಅಂದರೆ ಅದರ ಮೇಲೆ ತೆರಿಗೆಯಿಲ್ಲ. ಹೆಜ್ಜುಂಕ, ವಡ್ಡರಾವುಳಗಳಂಥ ಸುಂಕಗಳ ಅಧಿಕಾರಿಗಳು ತಮ್ಮ ವಸೂಲಿಯಲ್ಲಿ ಒಂದು ಪಾಲನ್ನು ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ನಿದರ್ಶನಗಳೂ ಇವೆ.

ನಾವು ಸಾಹಿತ್ಯದ ವಿದ್ಯಾರ್ಥಿಗಳು ಇಂಥ ಕಡೆ ಒಂದು ತಪ್ಪು ಮಾಡುತ್ತೇವೆ. ದಾನಿಯ ಔದಾರ್ಯವನ್ನು ಕಂಡು ಮುಂದಕ್ಕೆ ಹೋಗುತ್ತೇವೆ. ದಾನದ ಷರತ್ತನ್ನು ಓದುವುದಿಲ್ಲ. ತೆರಿಗೆಯ ವಿನಾಯಿತಿ ಸಿಕ್ಕಿದ್ದು ಸತ್ರ ನಡೆಸುವ ವ್ಯಕ್ತಿಗಲ್ಲ, ಸತ್ರದಲ್ಲಿ ನಡೆಯಬೇಕಾದ ಕಾರ್ಯಕ್ಕೆ. ಯಾವ ಭೂಮಿಯ ಹುಟ್ಟುವಳಿ ಯಾವುದಕ್ಕೆ ಸಲ್ಲಬೇಕು, ಎಷ್ಟು ಜನಕ್ಕೆ ಊಟ, ಜೀರ್ಣೋದ್ಧಾರಕ್ಕೆ ಎಷ್ಟು ಎಂದು ವಿಂಗಡಿಸಿ ಬರೆದ ಶಾಸನಗಳು ಎಷ್ಟೋ ಇವೆ. ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪಾಶಯವಂತೂ ಸರ್ವೇಸಾಮಾನ್ಯ. ಲೆಕ್ಕತಪಾಸಣೆಯ ಇಲಾಖೆಯಿಲ್ಲದ ಕಾಲದಲ್ಲಿ ಆ ಕೆಲಸವನ್ನು ಶಾಪ ಮಾಡುತ್ತಿತ್ತು. ಶಾಸನವೆಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ: ಕಲ್ಲಿನ ಬರೆಹವೂ ಶಾಸನ, ವಿಧಾನಮಂಡಲ ಮಾಡುವ ಕಾಯಿದೆಯೂ ಶಾಸನ. ಎರಡನ್ನೂ ಒಂದೇ ಪದದಲ್ಲಿ ಕರೆಯುವ ನಾವು ಮೊದಲನೆಯದನ್ನು ಕಾನೂನೆಂದು ಓದುವುದನ್ನು ಮರೆತಿದ್ದೇವೆ.

ಮೈಸೂರು ಸಂಸ್ಥಾನದ ಕಾಲಕ್ಕೆ ಬಂದರೆ ಛತ್ರಗಳ ಮೇಲ್ವಿಚಾರಣೆ ಮುಜರಾಯಿ ಇಲಾಖೆಯ ಪಾಲಿಗೆ ಬಂತು. 1927ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯಿದೆ ಅದಕ್ಕೊಂದು ಚೌಕಟ್ಟು ಒದಗಿಸಿತು. ಖಾಸಗಿ ದಾನಿಗಳೂ ಹಿಂದುಳಿಯಲಿಲ್ಲ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ರೈಲಿನಿಂದ ಇಳಿದ ನಮ್ಮ ಸೀಮೆಯ ಎಷ್ಟೋ ಜನರಿಗೆ ರಾಜಧಾನಿಯಲ್ಲಿ ದೊರೆತ ಮೊದಲ ಆಸರೆ ಅದು.

ಹಣ ಪಡೆದು ನಡೆಸುವ ತಂಗುದಾಣಗಳಿಗೆ ಬ್ರಿಟಿಷ್ ಭಾರತದಲ್ಲಿ 1867ರಲ್ಲೇ ಒಂದು ಕಾಯಿದೆ ಬಂದಿತ್ತು. ಅದರ ಹೆಸರು ಸರಾಯ್ ಕಾಯಿದೆ. ಸರಾಯ್ ಎಂದರೆ ಪ್ರಯಾಣಿಕರ ವಸತಿಗೃಹ. ಈ ಕಾಯಿದೆಯ ವ್ಯಾಖ್ಯೆಯಲ್ಲಿ ಒಂದು ಸೂಕ್ಷ್ಮವಿದೆ. ಇಡೀ ಕಟ್ಟಡವಲ್ಲದೆ ಕಟ್ಟಡದ ಒಂದು ಭಾಗವನ್ನು ಮಾತ್ರ ಪ್ರಯಾಣಿಕರಿಗೆ ಬಳಸುತ್ತಿದ್ದರೆ, ಆ ಭಾಗವೂ ಸರಾಯ್. ಹೋಂಸ್ಟೇ ಎಂಬ ಪದ ಹುಟ್ಟುವ ಎಷ್ಟೋ ಮೊದಲು ಅದರ ಕಲ್ಪನೆ ಕಾನೂನಿನಲ್ಲಿತ್ತು ಎನ್ನಬೇಕು.

ಅದರ ನಿಯಮಗಳು ಇಂದಿಗೂ ಓದಿಸಿಕೊಳ್ಳುತ್ತವೆ. ಸರಾಯ್ ನಡೆಸುವವನು ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿ ಹೆಸರು ನೋಂದಾಯಿಸಬೇಕು, ನೋಂದಣಿಗೆ ಶುಲ್ಕವಿಲ್ಲ. ಸಾಂಕ್ರಾಮಿಕ ರೋಗದಿಂದ ಯಾರಾದರೂ ಮಲಗಿದರೆ ಅಥವಾ ಸತ್ತರೆ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು. ಕಳ್ಳರು ಹತ್ತಿ ಇಳಿಯಲು ಅನುಕೂಲವಾಗುವಂತೆ ಚಾಚಿದ ಮರದ ಕೊಂಬೆಗಳನ್ನು ಕಡಿಸಬೇಕು. ತಂಗಿದವರ, ಅವರ ಪಶುಗಳ, ಬಂಡಿಗಳ ರಕ್ಷಣೆಗೆ ಕಾವಲುಗಾರರನ್ನು ನೇಮಿಸಬೇಕು. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ, ಅಧಿಕಾರಿ ಹೇಳಿದ ಭಾಷೆಗಳಲ್ಲಿ ತೂಗುಹಾಕಬೇಕು. ಉಲ್ಲಂಘಿಸಿದರೆ ಇಪ್ಪತ್ತು ರೂಪಾಯಿವರೆಗೆ ದಂಡ. ಯಾರು ಬಂದರು, ಹೇಗೆ ಇರಿಸಿದೆ, ಎಷ್ಟು ತೆಗೆದುಕೊಂಡೆ ಎಂಬ ಮೂರು ಪ್ರಶ್ನೆಗಳು ಇಲ್ಲಿ ಒಟ್ಟಾಗಿ ಬಂದಿವೆ. ಆಮೇಲೆ ಬಂದ ಕಾನೂನುಗಳು ಈ ಮೂರನ್ನೇ ಬೇರೆ ಬೇರೆ ಕಚೇರಿಗಳಿಗೆ ಹಂಚಿವೆ.

"ಯಾರು ಬಂದರು" ಎಂಬುದನ್ನು ವಿದೇಶೀಯರ ಮಟ್ಟಿಗೆ ಕೇಳಿದ್ದು 1946ರ ವಿದೇಶೀಯರ ಕಾಯಿದೆ. ಪ್ರತಿಫಲ ಪಡೆದು ಮಲಗಲು ಜಾಗ ಕೊಡುವ ಯಾರೇ ಆದರೂ ತಂಗಿದ ವಿದೇಶೀಯರ ವಿವರಗಳನ್ನು ಒದಗಿಸಬೇಕಿತ್ತು. ಇದಕ್ಕೆ ನಮೂನೆ ಸಿ, 24 ಗಂಟೆಗಳ ಗಡುವು ಇದ್ದವು. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯೂ ಈ ಹೊಣೆಯನ್ನು ಮುಂದುವರಿಸಿದೆ. "ಹೇಗೆ ಇರಿಸಿದೆ" ಎಂಬುದು ಗ್ರಾಮ ಪಂಚಾಯತಿಯ ಪರವಾನಗಿಗೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ, ಊಟ ಬಡಿಸುವುದಾದರೆ ಆಹಾರ ಸುರಕ್ಷತೆಯ ನೋಂದಣಿಗೆ ಸೇರಿದ ವಿಷಯ. ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆಯಲ್ಲಿ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕೆಂಬ ನಿಯಮವಿದೆ. ಆರು ಕೋಣೆ, ಹನ್ನೆರಡು ಹಾಸಿಗೆ ಅದರ ಮಿತಿ. ಮನೆಯವರೇ ಇಲ್ಲದ ಮನೆಯಲ್ಲಿ ಆತಿಥ್ಯವೆಲ್ಲಿಯದು ಎಂಬ ಸಾಮಾನ್ಯ ವಿವೇಕ ಈ ನಿಯಮದ ಹಿಂದಿದೆ.

"ಎಷ್ಟು ತೆಗೆದುಕೊಂಡೆ" ಎಂಬ ಮೂರನೆಯ ಪ್ರಶ್ನೆಯನ್ನು ಕರ್ನಾಟಕದಲ್ಲಿ 1979ರ ವಿಲಾಸ ತೆರಿಗೆ ಕಾಯಿದೆ ಕೇಳಿತು. ಹೋಟೆಲು, ವಸತಿಗೃಹಗಳ ಮೇಲಿನ ಆ ತೆರಿಗೆ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ದಿನಕ್ಕೆ ಸಾವಿರ ರೂಪಾಯಿವರೆಗಿನ ಕೋಣೆಗಳಿಗಿದ್ದ ವಿನಾಯಿತಿ 2022ರ ಜುಲೈ 18ರಂದು ಹೋಯಿತು. ಆಗ ಅಮೃತಸರದ ಸ್ವರ್ಣಮಂದಿರದ ಯಾತ್ರಿಕರು ತಂಗುವ ಸರಾಯ್‌ಗಳಿಗೂ ತೆರಿಗೆ ಬಿತ್ತೆಂದು ದೊಡ್ಡ ವಿವಾದವೆದ್ದಿತು. ಧಾರ್ಮಿಕ ಸ್ಥಳದ ಆವರಣದಲ್ಲಿ ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಗೆ ಕೊಡುವ ಕೋಣೆಗಳಿಗೆ ಬೇರೊಂದು ವಿನಾಯಿತಿ ಇದೆಯೆಂದೂ ಈ ಸರಾಯ್‌ಗಳೂ ಅದನ್ನು ಪಡೆಯಬಹುದೆಂದೂ ಕೇಂದ್ರದ ತೆರಿಗೆ ಮಂಡಳಿ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅರಸರ ಕಾಲದ ಸರ್ವಮಾನ್ಯದ ತತ್ತ್ವವೇ ಇದು: ಮಾಫಿ ಕಟ್ಟಡಕ್ಕಲ್ಲ, ಕಾರ್ಯಕ್ಕೆ; ಅದಕ್ಕೂ ಒಂದು ಗೆರೆಯುಂಟು.

ನನ್ನ ವಿದ್ಯಾರ್ಥಿಯ ಎರಡು ಕೋಣೆಗಳಿಗೆ ಬಂದರೆ ಸ್ಥಿತಿ ಅಷ್ಟೇನೂ ಭಯಂಕರವಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ಒಟ್ಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಈ ತೆರಿಗೆಗೆ ನೋಂದಣಿ ಬೇಕಿಲ್ಲ. ಆದರೆ ಕೋಣೆಯನ್ನು ಮೊಬೈಲ್ ಆ್ಯಪಿನ ಮೂಲಕ ಕಾದಿರಿಸಿದಾಗ, ಮನೆಯವರು ನೋಂದಣಿಯ ಮಿತಿಯೊಳಗಿದ್ದರೂ ತೆರಿಗೆ ತಪ್ಪುವುದಿಲ್ಲ. ಅದನ್ನು ಕಟ್ಟುವ ಹೊಣೆ ಆ ಮಧ್ಯವರ್ತಿ ಸಂಸ್ಥೆಯದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ದರ ಶೇ. 5. ಆದಾಯ ತೆರಿಗೆಯ ಲೆಕ್ಕ ಬೇರೆ. ವರ್ಷಗಟ್ಟಲೆ ಮನೆಯನ್ನು ಬಾಡಿಗೆಗೆ ಬಿಟ್ಟವರಿಗೆ ದುರಸ್ತಿಯ ಬಾಬ್ತು ಸಿಗುವ ಶೇ. 30ರ ಕಡಿತವನ್ನು ದಿನದ ಲೆಕ್ಕದ ಕೋಣೆಗೂ ಅನ್ವಯಿಸಿಕೊಳ್ಳಬಹುದೆಂದು ಹಲವರು ಭಾವಿಸುತ್ತಾರೆ. ಹಾಸಿಗೆ, ಊಟ, ಶುಚಿತ್ವದ ಸೇವೆಗಳನ್ನು ಕೂಡಿಸಿ ಕೊಟ್ಟಾಗ ಅದು ವ್ಯಾಪಾರದ ಆದಾಯವೆನಿಸುತ್ತದೆ; ಆಗ ನಿಜವಾಗಿ ಮಾಡಿದ ಖರ್ಚನ್ನು ಲೆಕ್ಕ ಸಮೇತ ತೋರಿಸಬೇಕು.

ಇಲ್ಲಿ ನನ್ನ ಎರಡು ಅನುಭವಗಳನ್ನು ಹೇಳಬೇಕು. ಸಂಶೋಧನೆಯ ದಿನಗಳಲ್ಲಿ ಕ್ಷೇತ್ರಕಾರ್ಯಕ್ಕೆಂದು ಅಲೆಯುವಾಗ ಒಂದು ಸಂಜೆ ಹಳೆಯ ಛತ್ರವೊಂದರಲ್ಲಿ ತಂಗಿದೆ. ಅಲ್ಲಿನ ಪಾರುಪತ್ಯೆಗಾರರು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರು, ಊರು, ಬಂದ ಕಾರಣ, ಹೊರಡುವ ದಿನಗಳನ್ನು ಬರೆದುಕೊಂಡು, ಚಾಪೆ ಕೊಟ್ಟು, ಬಾವಿ ಎಲ್ಲಿದೆಯೆಂದು ತೋರಿಸಿದರು. ಕಾಸು ಕೇಳಲಿಲ್ಲ. ಎರಡು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಹೋಂಸ್ಟೇ ಎಂಬ ಫಲಕವಿದ್ದ ಮನೆಯಲ್ಲಿ ತಂಗಿದೆ. ಬೀಗದ ಕೈ ಹೂಕುಂಡದ ಕೆಳಗಿತ್ತು. ಹಣ ಮೊದಲೇ ಸಂದಾಯವಾಗಿತ್ತು. ಹೆಸರು ಕೇಳುವವರಿರಲಿಲ್ಲ, ರಸೀತಿಯೂ ಇರಲಿಲ್ಲ. ರಾತ್ರಿ ಮೈ ಬಿಸಿಯೇರಿದಾಗ ಒಂದು ಲೋಟ ಬಿಸಿನೀರು ಕೊಡುವವರೂ ಇರಲಿಲ್ಲ. ಮೊದಲ ಕಡೆ ಬರೆದುಕೊಂಡ ಹೆಸರು ಪೊಲೀಸರಿಗಾಗಿ ಮಾತ್ರ ಇರಲಿಲ್ಲವೆಂದು ಆ ರಾತ್ರಿ ನನಗೆ ಅರಿವಾಯಿತು. ರಾತ್ರಿ ಏನಾದರೂ ಆದರೆ ನಾನು ಯಾರೆಂದು ತಿಳಿದಿರುವವರು ಒಬ್ಬರಾದರೂ ಅಲ್ಲಿದ್ದರು.

ಸಣ್ಣ ಆತಿಥೇಯರ ಕಷ್ಟವನ್ನೂ ಮರೆಯಬಾರದು. ಒಂದೇ ಮನೆಯ ಎರಡು ಕೋಣೆಗಳಿಗೆ ನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಬೇಕಾದಾಗ ಜನ ಕದ್ದು ನಡೆಸುವ ದಾರಿ ಹಿಡಿಯುತ್ತಾರೆ. 1867ರ ಕಾಯಿದೆ ಒಂದೇ ಕಡೆ, ಒಂದೇ ನೋಂದಣಿಯಲ್ಲಿ, ಶುಲ್ಕವಿಲ್ಲದೆ ಕೇಳಿದ್ದನ್ನು ಇಂದಿನ ವ್ಯವಸ್ಥೆ ಹಾಗೆಯೇ ಕೇಳಲಾಗದೆ? ಈ ಆಕ್ಷೇಪ ನ್ಯಾಯವಾದುದು. ಆದರೆ ಕಚೇರಿಗಳ ತೊಡಕು ಹೊಣೆಯಿಂದ ಬಿಡುಗಡೆಯ ಪತ್ರವಾಗಲಾರದು.

ನನ್ನ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಚಿಕ್ಕದು. ಕಾಸು ಮುಟ್ಟದೆ ಜಗಲಿಯ ಮೇಲೆ ದಾರಿಹೋಕನಿಗೆ ಚಾಪೆ ಹಾಸಿದ ನಿಮ್ಮ ಅಜ್ಜಿಯ ಬಳಿ ತೆರಿಗೆಯವರು ಬರುತ್ತಿರಲಿಲ್ಲ. ನೀವು ಕಾಸು ಪಡೆಯುತ್ತೀರಿ. ಅದು ತಪ್ಪಲ್ಲ, ಆದರೆ ಅತಿಥಿ ಎಂಬ ಮಾತನ್ನು ಮರೆಯಾಗಿ ಬಳಸಬೇಡಿ. ಮೊದಲು ಒಂದು ಪುಸ್ತಕ ಕೊಳ್ಳಿ. ಬಂದವರ ಹೆಸರು, ಊರು, ದಿನಾಂಕ, ಪಡೆದ ಹಣ ಬರೆಯಿರಿ. ಅದನ್ನು ಹಿಡಿದುಕೊಂಡು ಮೊದಲು ಪಂಚಾಯತಿಗೆ, ಆಮೇಲೆ ಒಬ್ಬ ತೆರಿಗೆ ಸಲಹೆಗಾರರ ಬಳಿಗೆ ಹೋಗಿ.

ಕಳೆದ ವಾರ ಅವರು ಒಂದು ಚಿತ್ರ ಕಳುಹಿಸಿದ್ದರು. ನೀಲಿ ರಟ್ಟಿನ ಲೆಕ್ಕದ ಪುಸ್ತಕ, ಮೊದಲ ಪುಟದ ಮೇಲ್ಗಡೆ ದುಂಡಗಿನ ಅಕ್ಷರದಲ್ಲಿ ಶ್ರೀ, ಅದರ ಕೆಳಗೆ ನಾಲ್ಕು ಕಂಬಸಾಲು. ಹೆಸರುಗಳಿನ್ನೂ ಬಂದಿಲ್ಲ.