ಪಿಯುಸಿ ನಂತರ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್: ಏನಿದು ಕೋರ್ಸ್? ಸೇರೋ ಮುನ್ನ ಏನೇನು ಕೇಳಬೇಕು?

ಶಿವಮೊಗ್ಗ: ಪಿಯುಸಿ ರಿಸಲ್ಟ್ ಬಂತು ಅಂದ್ರೆ ಸೈನ್ಸ್ ಓದಿದ ಮಕ್ಕಳ ಮನೆಯಲ್ಲಿ ಒಂದೇ ಚರ್ಚೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಇಲ್ಲ, ನರ್ಸಿಂಗ್ ಇಷ್ಟ ಇಲ್ಲ, ಆದ್ರೆ ಆಸ್ಪತ್ರೆ ಕೆಲಸವೇ ಬೇಕು. ಅಂಥವರಿಗೆ ಇರುವ ದಾರಿಗಳಲ್ಲಿ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್ ಕೂಡ ಒಂದು. ಹೆಸರು ಕೇಳಿದವರು ಕಡಿಮೆ. ಕೇಳಿದವರಲ್ಲೂ ಇದು ಬರೀ ಡೇಟಾ ಎಂಟ್ರಿ ಅಂದುಕೊಂಡವರು ಜಾಸ್ತಿ. ಅಸಲಿಗೆ ಈ ಕೆಲಸ ಏನು, ಕಾಲೇಜಿನಲ್ಲಿ ಏನು ಕಲಿಸ್ತಾರೆ ಅನ್ನೋ ವಿವರ ಇಲ್ಲಿದೆ.

ಏನಿದು ಕೆಲಸ?

ದೊಡ್ಡ ಆಸ್ಪತ್ರೆಗಳಲ್ಲಿ ಎಂಆರ್‌ಡಿ ಅನ್ನೋ ಬೋರ್ಡ್ ನೋಡಿರ್ತೀರಿ. ಅದು ಮೆಡಿಕಲ್ ರೆಕಾರ್ಡ್ಸ್ ಡಿಪಾರ್ಟ್‌ಮೆಂಟ್. ರೋಗಿ ಡಿಸ್ಚಾರ್ಜ್ ಆದ ಮೇಲೆ ಕೇಸ್ ಶೀಟ್ ವಾರ್ಡಿನಿಂದ ಇಲ್ಲಿಗೆ ಬರುತ್ತೆ. ಡಾಕ್ಟರ್ ಸಹಿ ಇದೆಯಾ, ಒಪ್ಪಿಗೆ ಪತ್ರ ಇದೆಯಾ, ಆಪರೇಷನ್ ನೋಟ್ಸ್ ಪೂರ್ತಿ ಇದೆಯಾ, ಲ್ಯಾಬ್ ರಿಪೋರ್ಟ್ ಇದೇ ರೋಗಿಯದ್ದಾ ಅಂತ ಇಲ್ಲಿನ ಸಿಬ್ಬಂದಿ ಒಂದೊಂದಾಗಿ ನೋಡ್ತಾರೆ. ನಂತರ ಕಾಯಿಲೆಗೆ ಕೋಡ್ ಹಾಕಿ, ಫೈಲ್ ಜೋಪಾನವಾಗಿ ಇಟ್ಟು, ಕೇಳಿದಾಗ ತೆಗೆದು ಕೊಡ್ತಾರೆ. ಯಾವ ಕಾಯಿಲೆಯವರು ಎಷ್ಟು ಜನ ಬಂದ್ರು ಅನ್ನೋ ಲೆಕ್ಕವೂ ಇಲ್ಲಿಂದಲೇ ಹೋಗುತ್ತೆ.

ಕೋಡ್ ಅಂದ್ರೆ ಏನು?

ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಕಾಯಿಲೆಗೂ ಒಂದು ಸಂಖ್ಯೆ ಕೊಟ್ಟಿದೆ. ಈ ಪಟ್ಟಿಗೆ ಐಸಿಡಿ ಅಂತ ಹೆಸರು. ಇದರ ಹತ್ತನೇ ಆವೃತ್ತಿ ಐಸಿಡಿ-10ಕ್ಕೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ.

ನಮ್ಮ ಜಿಲ್ಲೆಯದ್ದೇ ಉದಾಹರಣೆ ತಗೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಐಸಿಡಿ-10ರಲ್ಲಿ ಎ98.2 ಅನ್ನೋ ಪ್ರತ್ಯೇಕ ಕೋಡ್ ಇದೆ. ಕಾರಣ ಗೊತ್ತಿಲ್ಲದ ಬರೀ ಜ್ವರಕ್ಕೆ ಇರೋದು ಆರ್50.9. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂದಿದ್ದರೂ ಕೇಸ್ ಶೀಟಿನಲ್ಲಿ ಬರೀ 'ಜ್ವರ' ಅಂತ ಉಳಿದುಬಿಟ್ಟರೆ, ಆಸ್ಪತ್ರೆ ಲೆಕ್ಕದಲ್ಲಿ ಆ ರೋಗಿ ಎರಡನೇ ಗುಂಪಿಗೆ ಸೇರಿಬಿಡ್ತಾರೆ. ಊರಿನಲ್ಲಿ ಕಾಯಿಲೆ ಇದ್ದರೂ ಕಾಗದದಲ್ಲಿ ಇರಲ್ಲ.

ಹಾಗಂತ ರೆಕಾರ್ಡ್ ನೋಡುವವರು ತಾವೇ ಊಹೆ ಮಾಡಿ ಕೋಡ್ ಬದಲಿಸೋ ಹಾಗಿಲ್ಲ. ಅನುಮಾನ ಬಂದರೆ ಫೈಲ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ ಕೇಳಬೇಕು, ಅವರು ಬರೆದುಕೊಟ್ಟ ಮೇಲೆ ಕೋಡ್ ಹಾಕಬೇಕು. ಇಂಥ ಅನುಮಾನ ಬರೋಕೆ ಕಾಯಿಲೆಯ ತಿಳಿವಳಿಕೆ ಇರಬೇಕು. ಡೇಟಾ ಎಂಟ್ರಿಗೂ ಈ ಓದಿಗೂ ಇರೋ ವ್ಯತ್ಯಾಸ ಇದೇ.

ಹಾವು ಕಡಿತದ ಕೇಸೂ ಹೀಗೇ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ರೋಗಿ ತೀರಿಕೊಂಡರೆ ಆಸ್ಪತ್ರೆಯವರು ಫಾರಂ 4ರಲ್ಲಿ ಸಾವಿನ ಕಾರಣ ಬರೀಬೇಕು. ಅಲ್ಲಿ 'ಹೃದಯ ನಿಂತು ಹೋಯಿತು' ಅಂತ ಮಾತ್ರ ಬರೆದರೆ ಸಾಲದು, ಅದು ಎಲ್ಲರ ಸಾವಿನಲ್ಲೂ ಆಗೋದೇ. ಮೂಲ ಕಾರಣ ಏನು ಅನ್ನೋದು ಬೇಕು. ಪರಿಹಾರಕ್ಕೋ ವಿಮೆಗೋ ಓಡಾಡೋ ಕುಟುಂಬಕ್ಕೆ ಆ ಒಂದು ಸಾಲು ಎಷ್ಟು ಮುಖ್ಯ ಅಂತ ಅಲೆದವರಿಗೇ ಗೊತ್ತು.

ಏನು ಓದಬೇಕು?

ಅನಾಟಮಿ, ಫಿಸಿಯಾಲಜಿ, ಕಾಯಿಲೆಗಳ ಪರಿಚಯ, ವೈದ್ಯಕೀಯ ಪದಗಳು ಇರುತ್ತವೆ. ಜೊತೆಗೆ ಐಸಿಡಿ ಕೋಡಿಂಗ್, ಸ್ಟಾಟಿಸ್ಟಿಕ್ಸ್, ಆಸ್ಪತ್ರೆ ಸಾಫ್ಟ್‌ವೇರ್, ವೈದ್ಯಕೀಯ ಕಾನೂನು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಡತೆ ನಿಯಮ ಹೇಳುತ್ತೆ. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಅನ್ನೋದೂ ಪಾಠದ ಭಾಗ. ಈಗ 14 ಅಂಕಿಯ ಆಭಾ ಸಂಖ್ಯೆ, ಡಿಜಿಟಲ್ ಫೈಲ್ ಬಂದಿರೋದರಿಂದ ಗೋಪ್ಯತೆಯ ವಿಷಯ ಇನ್ನೂ ದೊಡ್ಡದಾಗಿದೆ.

ಯಾವ ದಾರಿ?

ಮೂರು ದಾರಿ ಇವೆ, ಮೂರೂ ಬೇರೆ ಬೇರೆ.

ಒಂದು, ಡಿಪ್ಲೊಮಾ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಅಡಿಯಲ್ಲಿ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಡಿಪ್ಲೊಮಾ ಇದೆ. ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಇದು ಸರಿ.

ಎರಡು, ಡಿಗ್ರಿ. ಮಣಿಪಾಲದಲ್ಲಿ ಈ ವಿಷಯಕ್ಕೇ ಪ್ರತ್ಯೇಕ ವಿಭಾಗ ಇದ್ದು ಬಿಎಸ್ಸಿ ಕಲಿಸ್ತಾರೆ. ಮುಂದೆ ಮೇಲಿನ ಹುದ್ದೆ, ಎಂಎಸ್ಸಿ ಅಂತ ಯೋಚನೆ ಇದ್ದವರು ಡಿಗ್ರಿ ನೋಡಬೇಕು.

ಮೂರು, ಕೆಲವೇ ತಿಂಗಳ ಮೆಡಿಕಲ್ ಕೋಡಿಂಗ್ ತರಬೇತಿ. ಇದು ಹೆಚ್ಚಾಗಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸಕ್ಕೆ ತಯಾರು ಮಾಡುತ್ತೆ. ಅಲ್ಲಿನ ಕೋಡ್ ಪಟ್ಟಿ, ನಿಯಮ ಎಲ್ಲ ಬೇರೆ. ಬೆಂಗಳೂರಿನ ಕಂಪನಿಗಳಲ್ಲಿ ಇದಕ್ಕೆ ಕೆಲಸ ಇದೆ, ಸುಳ್ಳಲ್ಲ. ಆದರೆ ಇದು ಡಿಗ್ರಿನೂ ಅಲ್ಲ, ಡಿಪ್ಲೊಮಾನೂ ಅಲ್ಲ. 'ನೂರಕ್ಕೆ ನೂರು ಜಾಬ್ ಗ್ಯಾರಂಟಿ' ಅಂತ ಫೀಸ್ ಕೇಳಿದರೆ ಆ ಗ್ಯಾರಂಟಿಯನ್ನು ಬರವಣಿಗೆಯಲ್ಲಿ ಕೊಡ್ತೀರಾ ಅಂತ ಮೊದಲು ಕೇಳಿ.

ಕಾನೂನು ಏನು ಹೇಳುತ್ತೆ?

2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಅದರ ಪಟ್ಟಿಯಲ್ಲಿರೋ 10 ಗುಂಪುಗಳಲ್ಲಿ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್ ಕೂಡ ಇದೆ. ಈ ಕಾಯ್ದೆ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರ ಅನ್ನಿಸಿಕೊಳ್ಳಲು ಕನಿಷ್ಠ 2000 ಗಂಟೆಯ, ಹೆಲ್ತ್‌ಕೇರ್ ವೃತ್ತಿಪರ ಅನ್ನಿಸಿಕೊಳ್ಳಲು ಕನಿಷ್ಠ 3600 ಗಂಟೆಯ ಓದು ಆಗಿರಬೇಕು. ಕೆಲವೇ ತಿಂಗಳ ಕೋರ್ಸ್ ಈ ಲೆಕ್ಕಕ್ಕೆ ಬರಲ್ಲ.

ಕೆಲಸ ಎಲ್ಲಿ?

ಮೆಡಿಕಲ್ ಕಾಲೇಜು ಆಸ್ಪತ್ರೆ, ದೊಡ್ಡ ಖಾಸಗಿ ಆಸ್ಪತ್ರೆಗಳ ಎಂಆರ್‌ಡಿ, ವಿಮೆ ಕ್ಲೇಮ್ ವಿಭಾಗ, ಆಯುಷ್ಮಾನ್ ಡೆಸ್ಕ್, ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿ, ಕೋಡಿಂಗ್ ಕಂಪನಿಗಳಲ್ಲಿ ಅವಕಾಶ ಇದೆ. ತಾಲೂಕು ಮಟ್ಟದ ಸಣ್ಣ ನರ್ಸಿಂಗ್ ಹೋಂಗಳಲ್ಲಿ ಇದಕ್ಕೇ ಅಂತ ಹುದ್ದೆ ಇರೋದು ಅಪರೂಪ. ಊರು ಬಿಡೋಕೆ ಆಗಲ್ಲ ಅನ್ನುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಅಡ್ಮಿಷನ್ ಮುನ್ನ ಈ 5 ಪ್ರಶ್ನೆ ಕೇಳಿ

1. ಸರ್ಟಿಫಿಕೇಟ್ ಕೊಡೋದು ಯಾವ ವಿಶ್ವವಿದ್ಯಾಲಯ ಅಥವಾ ಬೋರ್ಡ್? ಆ ಪತ್ರ ತೋರಿಸಿ.
2. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು? ಅಲ್ಲಿ ಎಂಆರ್‌ಡಿ ಇದೆಯಾ?
3. ಪಾಠ ಮಾಡುವವರು ಇದೇ ವಿಷಯ ಓದಿದವರಾ?
4. ಒಟ್ಟು ಎಷ್ಟು ಗಂಟೆಯ ಕೋರ್ಸ್? 2021ರ ಕಾಯ್ದೆಯ ಲೆಕ್ಕಕ್ಕೆ ಹೊಂದುತ್ತಾ?
5. ಕಳೆದ ಬ್ಯಾಚಿನವರು ಈಗ ಎಲ್ಲಿದ್ದಾರೆ? ಇಬ್ಬರ ಜೊತೆ ಮಾತಾಡಿಸ್ತೀರಾ?

ಇವಕ್ಕೆ ನೇರ ಉತ್ತರ ಸಿಗದಿದ್ದರೆ ಅಡ್ವಾನ್ಸ್ ಕಟ್ಟಬೇಡಿ. ಮನೆಯಲ್ಲಿ ಈ ಸಲ ಪಿಯುಸಿ ಮುಗಿಸಿದವರು ಇದ್ದರೆ ಅವರಿಗೂ ಇದನ್ನು ತೋರಿಸಿ.